ಅವಳಿ ಶಬ್ದಗಳ ಫಜೀತಿ

ಕೊಪ್ಪದಲ್ಲಿ ಇಂಗ್ಲಿಷ್ ಪಾಠ ಹೇಳುವವಳಿಗೆ ಕಾಲೇಜಿನಲ್ಲಿ ಇರುವಷ್ಟೇ ಕೆಲಸ ಬೀದಿಯಲ್ಲೂ ಇರುತ್ತದೆ. ನೋಡಲು ಅವಳಿ ಮಕ್ಕಳಂತಿರುವ ಎರಡು ಶಬ್ದ ಎಲ್ಲಾದರೂ ಎದುರಾದರೆ, ಮೂರನೆಯವಳಾಗಿ ನಾನು ಸಿಕ್ಕಿಬೀಳುತ್ತೇನೆ.

ಬ್ಯಾನರ್ ಇಳಿಸಲಿಲ್ಲ

ನರಸಿಂಹರಾಜಪುರದ ಮಹಿಳಾ ಸಂಘವೊಂದರ ವಾರ್ಷಿಕೋತ್ಸವ. ಬಂಧನ ಕಳಚಿಕೊಂಡ ಮಹಿಳೆಯರು ಎಂಬರ್ಥದಲ್ಲಿ 'ಇಮ್ಯಾನ್ಸಿಪೇಟೆಡ್ ವಿಮೆನ್' ಎಂದು ಬ್ಯಾನರ್ ಮಾಡಿಸಿದ್ದರು. ಫ್ಲೆಕ್ಸ್ ಅಂಗಡಿಯವ ಅದನ್ನು 'ಇಮೇಸಿಯೇಟೆಡ್' ಎಂದು ಹೊಡೆದುಕೊಟ್ಟಿದ್ದ. ಅತಿಥಿಯಾಗಿ ಹೋಗಿದ್ದ ನಾನು ಅಧ್ಯಕ್ಷೆಯ ಕಿವಿಯಲ್ಲಿ, "ಅಕ್ಕಾ, ಇದು ಮೂಳೆ ಚಕ್ಕಳ ಆದವರು ಅಂತ ಅರ್ಥ. ಇಳಿಸಿಬಿಡಿ" ಎಂದೆ.

ಮೈಕೈ ತುಂಬಿಕೊಂಡಿದ್ದ ಅಧ್ಯಕ್ಷೆ ಬ್ಯಾನರನ್ನೊಮ್ಮೆ, ತಮ್ಮನ್ನೊಮ್ಮೆ ನೋಡಿಕೊಂಡರು. "ಇರ್ಲಿ ಬಿಡಿ ಮಾರಾಯ್ರೆ. ಮದುವೆಯಾದ ಮೇಲೆ ನನ್ನನ್ನ ಸಪೂರ ಅಂತ ಯಾರೂ ಹೇಳಿದ್ದಿಲ್ಲ. ಇವತ್ತೊಂದು ದಿನ ಹಾಗೇ ಇರ್ಲಿ!"

ಕೆಮ್ಮಿನ ಔಷಧಿ

ನಮ್ಮ ಎದುರುಮನೆಯ ಪಾತ್ರೆ ಅಂಗಡಿ ಸಾಹೇಬರು ಬಸುರಿ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ 'ಎಕ್ಸ್‌ಪೆಕ್ಟೆಂಟ್ ಮದರ್ಸ್' ಎಂಬ ಬೋರ್ಡಿನ ಅರ್ಥ ನರ್ಸನ್ನು ಕೇಳಿ ತಿಳಿದುಕೊಂಡಿದ್ದರು. ಮರುದಿನ ಬಾಟಲಿ ಹಿಡಿದು ನಮ್ಮ ಮನೆಗೇ ಓಡಿಬಂದರು.

"ಮೇಡಂ, ಕೆಟ್ಟೆ! ಕೆಮ್ಮಿಗೆ ಅಂತ ಸೊಸೆಯ ಔಷಧಿ ಕುಡಿದುಬಿಟ್ಟೆ!"

ಬಾಟಲಿಯ ಮೇಲೆ 'ಎಕ್ಸ್‌ಪೆಕ್ಟೊರೆಂಟ್' ಎಂದಿತ್ತು. "ಗಾಬರಿ ಬೇಡಿ, ಇದು ನಿಮ್ಮದೇ. ಅದು ಮಗು ಹೆರುವವರಿಗೆ ಹೇಳುವ ಮಾತು, ಇದು ಕಫ ಹೊರಗೆ ಬರಿಸುವ ಔಷಧಿ" ಎಂದೆ.

ಸಾಹೇಬರು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. "ಒಟ್ಟಿನಲ್ಲಿ ಎರಡರಲ್ಲೂ ಏನೋ ಒಂದು ಹೊರಗೆ ಬರಬೇಕು. ಅಷ್ಟೇ ತಾನೇ?"

ಸಾಷ್ಟಾಂಗ

ಶೃಂಗೇರಿಯಲ್ಲಿ ಹಿರಿಯ ನಾಗರಿಕರ ಸಭೆ. ಹೊರಗಿನಿಂದ ದೊಡ್ಡ ಸರ್ಜನ್ ಒಬ್ಬರು ಬಂದಿದ್ದರು. ಇಂಗ್ಲಿಷಿನಲ್ಲೇ ಸ್ವಾಗತಿಸುತ್ತೇನೆಂದು ಹಟ ಹಿಡಿದ ಕಾರ್ಯದರ್ಶಿಗಳನ್ನು ನಾನು ಎಚ್ಚರಿಸಿದ್ದೆ: "ಸಾಷ್ಟಾಂಗ ಬೀಳುವುದಕ್ಕೆ ಪ್ರಾಸ್ಟ್ರೇಟ್ ಅನ್ನಬೇಕು. ನಡುವಿನ ರಕಾರ ನುಂಗಿದರೆ ವಯಸ್ಸಾದ ಗಂಡಸರನ್ನು ಗಳಿಗೆಗೊಮ್ಮೆ ಬಚ್ಚಲಿಗೆ ಓಡಿಸುವ ಗ್ರಂಥಿ ಆಗುತ್ತದೆ."

ಮೈಕ್ ಕೈಗೆ ಬಂತು, ರಕಾರ ಹೊಟ್ಟೆಗೆ ಹೋಯಿತು. "ಸರ್, ವಿ ಆಲ್ ಪ್ರಾಸ್ಟೇಟ್ ಬಿಫೋರ್ ಯು!"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಡಾಕ್ಟರು ನಗು ತಡೆದುಕೊಂಡು ಮೈಕಿನಲ್ಲಿ, "ಎಲ್ಲರದೂ ಒಟ್ಟಿಗೇ ನೋಡಲಿಕ್ಕೆ ಆಗೂದಿಲ್ಲ. ಊಟ ಆದಮೇಲೆ ಒಬ್ಬೊಬ್ಬರೇ ಬನ್ನಿ" ಎಂದರು.

ಅವರೇನೋ ತಮಾಷೆಗೆ ಹೇಳಿದ್ದು. ಊಟ ಮುಗಿದಾಗ ಅವರ ಕೋಣೆಯ ಬಾಗಿಲಿಂದ ಕೈತೊಳೆಯುವ ನಲ್ಲಿಯವರೆಗೂ ಹಿರಿಯರ ಸಾಲು! ಮೊದಲು ನಿಂತವರು ಅಧ್ಯಕ್ಷರು.

ಕಾರ್ಯದರ್ಶಿಗಳು ಎದೆಯುಬ್ಬಿಸಿ ನನ್ನ ಬಳಿ ಬಂದರು. "ನೋಡಿದ್ರಾ ಮೇಡಂ? ಶಬ್ದ ತಪ್ಪಿರಬಹುದು, ನಾನು ಹೇಳಿದ್ದು ಮಾತ್ರ ಸತ್ಯ!"