ಹದಿನೇಳು ವೈರು, ಎರಡು ರುಜು

ಬಲ್ಬು ಬದಲಿಸುವ ಮೊದಲು ಅದಕ್ಕೊಂದು ಟಿಪ್ಪಣಿ ಬರೆದಿಡುವ ಮನುಷ್ಯ ಈ ದೇಶದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಭಾವ. ದಿಲ್ಲಿಯ ಸಚಿವಾಲಯವೊಂದರಲ್ಲಿ ಮೂವತ್ತೈದು ವರ್ಷ ಫೈಲು ನೋಡಿದವರು. ಅವರು ನಿವೃತ್ತರಾದರು, ಅವರೊಳಗಿನ ಗುಮಾಸ್ತ ಆಗಲಿಲ್ಲ!

ಬೆನ್ನಿನ ಆಪರೇಷನ್ ಆದ ಮೇಲೆ ನಮ್ಮಕ್ಕ ನಾಲ್ಕು ತಿಂಗಳು ದ್ವಾರಕಾದ ಫ್ಲ್ಯಾಟು ಬಿಟ್ಟು ಹೊರಬಂದಿರಲಿಲ್ಲ. ಸೊಸೈಟಿಯ ಪಾರ್ಕಿನಲ್ಲಿ ಬೇವಿನ ಮರದ ಕೆಳಗೆ ಒಮ್ಮೆ ಕೂರಬೇಕು ಎಂಬುದಷ್ಟೇ ಅವಳ ಆಸೆ. ಹೆಚ್ಚು ನಡೆಯಬಾರದು, ಮೈ ಕುಲುಕಲೇಬಾರದು ಎಂದು ಡಾಕ್ಟರು ಹೇಳಿದ್ದರು. ಭಾವ ಏನು ಮಾಡಿದರು? ಗುಡಗಾಂವಿನ ಯಾವುದೋ ಗಾಲ್ಫ್ ಮೈದಾನದವರು ಮಾರಿದ ಹಳೆಯ ಬ್ಯಾಟರಿ ಗಾಡಿ ಕೊಂಡು ತಂದರು! ವೀಲ್‌ಚೇರು ಸಾಕಾಗುತ್ತಿರಲಿಲ್ಲವೇ ಎಂದಿರಾ? ನಾನೂ ಅಂದೆ. "ಅದರಲ್ಲಿ ಕೂತ್ರೆ ಎಲ್ಲರೂ ಅಯ್ಯೋ ಪಾಪ ಅಂತಾರೆ. ಅವಳು ಬರಲ್ಲ," ಎಂದರು.

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಹೊರಡುವಾಗ ಮಾತ್ರ ಹಿಂದಿನಿಂದ ಯಾರೋ ಒದ್ದಂತೆ ಜಗ್ಗುತ್ತಿತ್ತು. ಮಾನೇಸರದ ಮೆಕ್ಯಾನಿಕ್ ದಾರಿ ಹೇಳಿದ: ಮೋಟರಿಗೆ ಕರೆಂಟು ಅಳೆದು ಬಿಡುವ ಡಬ್ಬಿಯೊಂದಿದೆ, ಕಂಟ್ರೋಲರ್ ಅಂತ. ತನ್ನ ಕೈಮಷೀನು ಜೋಡಿಸಿ ಅದರ ಪ್ರೋಗ್ರಾಮ್ ಬದಲಿಸಿದರೆ ಜಗ್ಗುವುದು ನಿಲ್ಲುತ್ತದೆ. ಆದರೆ ಎಲ್ಲ ಡಬ್ಬಿಗಳೂ ಪ್ರೋಗ್ರಾಮ್ ತೆಗೆದುಕೊಳ್ಳುವುದಿಲ್ಲ. ವೈರಿಂಗ್ ತಾನು ಕೊಡುವ ನಕ್ಷೆಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು, ತಪ್ಪಿದ್ದರೆ ಡಬ್ಬಿ ಸುಟ್ಟೇ ಹೋದೀತು.

"ನೋಡಬೇಕು" ಎಂದು ನಮ್ಮ ಭಾವನಿಗೆ ಹೇಳಬಹುದೇ! ಐದು ಭಾನುವಾರ ಹೋದವು. ವಾರವೆಲ್ಲ ಮುಖರ್ಜಿ ನಗರದ ಕೋಚಿಂಗ್ ಕ್ಲಾಸಿನಲ್ಲಿ ಕಿರುಚಿ ಸುಸ್ತಾದ ನಾನು, ಭಾನುವಾರ ಮೆಟ್ರೊ ಹತ್ತಿ ಬಂದು ಗಾಡಿಯ ಸೀಟಿನಡಿ ತಲೆ ತೂರಿಸಿ ವೈರುಗಳ ಬಣ್ಣ ಓದಬೇಕು. ಒಟ್ಟು ಹದಿನೇಳು ವೈರು. ಪ್ರತಿಯೊಂದಕ್ಕೂ ಫೈಲಿನ ಹಸಿರು ಟ್ಯಾಗು, ಟ್ಯಾಗಿಗೊಂದು ಚೀಟಿ: "ನಕ್ಷೆಯೊಂದಿಗೆ ತಾಳೆ ನೋಡಲಾಗಿದೆ." ಕೆಳಗೆ ಅವರ ರುಜು, ಪಕ್ಕದಲ್ಲಿ ನನ್ನದು!

"ಭಾವ, ಇದು ಕಂದು."

"ನಕ್ಷೆಯಲ್ಲಿ ಕೆಂಪು ಅಂತಿದೆಯಲ್ಲ?"

"ಹಳೇದಾಗಿ ಮಾಸಿದೆ ಭಾವ!"

"ಮಾಸಿದೆ ಅನ್ನೋದಕ್ಕೆ ಆಧಾರ?"

ಆಧಾರ ಹುಡುಕುತ್ತಾ ಆ ವೈರನ್ನು ಇನ್ನೊಂದು ತುದಿಯವರೆಗೆ ಒರೆಸಿಕೊಂಡು ಹೋದೆ. ಬ್ಯಾಟರಿಯ ಹತ್ತಿರ ಕೆಂಪು ಸಿಕ್ಕಿತು. ಕಳೆದುಹೋದ ನನ್ನ ಭಾನುವಾರ ಮಾತ್ರ ಎಲ್ಲೂ ಸಿಗಲಿಲ್ಲ.

ಆರನೆಯ ಭಾನುವಾರ ಮೆಕ್ಯಾನಿಕ್ ಬಂದು ಆ ಚೀಟಿಗಳನ್ನು ನೋಡಿ, "ಅಂಕಲ್‌ಜೀ, ಯೇ ಗಾಡಿ ಹೈ, ಫೈಲ್ ನಹೀಂ!" ಎಂದು ಬಿದ್ದು ಬಿದ್ದು ನಕ್ಕ. ಅಂತೂ ವೈರಿಂಗ್ ಹೊಂದಿತು, ಡಬ್ಬಿ ಪ್ರೋಗ್ರಾಮ್ ಒಪ್ಪಿಕೊಂಡಿತು. ಪರೀಕ್ಷೆಗೆ ನಾನು ಹಿಂದಿನ ಸೀಟಿನಲ್ಲಿ, ಭಾವ ಸ್ಟೇರಿಂಗಿನಲ್ಲಿ. ಹೊರಡು, ನಿಲ್ಲು, "ಜಗ್ಗಿತಾ?" ಜಗ್ಗಿತು. ಮೆಕ್ಯಾನಿಕ್ ಮಷೀನಿನಲ್ಲಿ ಅಂಕಿ ಇಳಿಸುವುದು, ಮತ್ತೆ ಹೊರಡು, ನಿಲ್ಲು. ಹನ್ನೊಂದನೆಯ ಸಲಕ್ಕೆ ನನಗೆ ಸಾಕುಸಾಕಾಯಿತು. ಚೂರು ಜಗ್ಗಿದ್ದು ನಿಜ, ಆದರೂ "ಇಲ್ಲ ಭಾವ, ಗೊತ್ತೇ ಆಗಲಿಲ್ಲ. ಅಕ್ಕನ್ನ ಕರೀಲಾ?" ಎಂದುಬಿಟ್ಟೆ.

ಭಾವ ತಿರುಗಿ ನೋಡಲಿಲ್ಲ.

"ಸರಿಯಾಗಿ ಹೇಳಪ್ಪ. ಅದಕ್ಕೇ ಎಲ್ಲದಕ್ಕೂ ನಿನ್ನ ರುಜು ಕೇಳಿದ್ದು. ನನ್ನೊಬ್ಬನ ಅಂದಾಜು ನಂಬೋ ಹಾಗಿಲ್ಲ. ಆವತ್ತು ಸ್ಕೂಟರ್ ಓಡಿಸ್ತಿದ್ದೋನು ನಾನೇ ಅಲ್ವಾ? ಹಂಪ್ ಅಂಥಾ ದೊಡ್ಡದೇನಲ್ಲ ಅಂದ್ಕೊಂಡೆ. ಅವಳು ಹಿಂದೆ ಕೂತಿದ್ಲು."

ಐದು ವಾರದಿಂದ ನಾನು ಒಳಗೊಳಗೇ ಗೊಣಗಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಮೇಲೆ ಬಾಲ್ಕನಿಯಲ್ಲಿ ಅಕ್ಕ ಸೀರೆಯುಟ್ಟು, ಹೂ ಮುಡಿದು ಕಾಯುತ್ತಿದ್ದಳು.

"ಭಾವ, ಸ್ವಲ್ಪ ಜಗ್ಗಿತು," ಎಂದೆ. "ಇನ್ನೊಂದು ಸಲ ನೋಡೋಣ."