ನಾದಿನಿಯ ಜಗಳವೂ ದೊಡ್ಡ ಡಾಕ್ಟರುಗಳ ಸಭೆಯೂ

ನನ್ನ ನಾದಿನಿ ಒಬ್ಬರ ಮನೆಗೆ ಹೋಗಿ ಜಗಳ ತೆಗೆದಳೆಂದರೆ ಆ ಮನೆಯವರ ಕಷ್ಟ ಅರ್ಧ ಕಳೆಯಿತು ಎಂದು ನಮ್ಮೂರಿನವರು ನಂಬಿದ್ದಾರೆ. ನಾನು ನಂಬಿಲ್ಲ. ನಲವತ್ತೆಂಟು ವರ್ಷದಿಂದ ನನ್ನ ಮನೆಗೆ ಬಂದು ಜಗಳ ತೆಗೆಯುತ್ತಿದ್ದಾಳೆ, ನನ್ನ ಕಷ್ಟ ಎಷ್ಟಿತ್ತೋ ಅಷ್ಟೇ ಇದೆ.

ಸಾವಾದ ಮನೆಗೆ ಹೋದವರು ಏನು ಮಾಡುತ್ತಾರೆ? ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ, ಹಿಂಗಾಗಬಾರದಿತ್ತು ಅನ್ನುತ್ತಾರೆ, ಒಂದು ಲೋಟ ನೀರು ಕುಡಿದು ಬರುತ್ತಾರೆ. ಇವಳು ಮೂರು ದಿನ ಆ ಕಡೆ ಸುಳಿಯುವುದಿಲ್ಲ. ನಾಲ್ಕನೇ ದಿನ ಕಂಕುಳಲ್ಲಿ ಒಂದು ಡಬ್ಬ ಇಟ್ಟುಕೊಂಡು ನುಗ್ಗುತ್ತಾಳೆ. ಚಳಿಗಾಲವಾದರೆ ಅದರಲ್ಲಿ ನೆನೆಸಿದ ಅವರೆಕಾಳು. ಬೇಸಿಗೆಯಾದರೆ ಬೀಜ ತೆಗೆಯದ ಹುಣಸೆಹಣ್ಣು. ಮಳೆಗಾಲದಲ್ಲಿ ಏನೂ ಇಲ್ಲದಿದ್ದರೆ ಕಲ್ಲು ಆರಿಸಬೇಕಾದ ಅಕ್ಕಿ. ಈಗಿನ ಅಕ್ಕಿಯಲ್ಲಿ ಕಲ್ಲೆಲ್ಲಿದೆ? ದಾರಿಯಲ್ಲಿ ಅವಳೇ ಬೆರೆಸಿಕೊಂಡು ಬರುತ್ತಾಳೆ ಎಂಬ ಗುಮಾನಿ ನನಗಿದೆ.

ಡಬ್ಬವನ್ನು ಅಳುವವರ ಮಡಿಲಿಗೆ ಇಟ್ಟು, "ಹಿತಕು. ಅಳೋಕೆ ಬಾಯಿ ಸಾಕು, ಕೈ ಖಾಲಿ ಐತಲ್ಲ" ಅನ್ನುತ್ತಾಳೆ. ಅವರು ಒಂದೊಂದೇ ಕಾಳನ್ನು ಬೆರಳಲ್ಲಿ ಅಮುಕಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುತ್ತಾ ಕೂತರೆ, ಇವಳು ಎದುರಿಗೆ ಕೂತು ತಪ್ಪು ಹುಡುಕಲು ಶುರು ಮಾಡುತ್ತಾಳೆ.

ನಮ್ಮ ಹಿಂದಿನ ಬೀದಿಯ ಒಬ್ಬ ಹೆಂಗಸು ಗಂಡ ತೀರಿಕೊಂಡ ಮೇಲೆ ಮೂರು ದಿನ ಬಾಯಿ ಬಿಟ್ಟಿರಲಿಲ್ಲ. ಇವಳು ಹೋಗಿ, "ನಿನ್ ಗಂಡ ನಮ್ಮನೆ ಜರಡಿ ಇಸ್ಕೊಂಡ್ ಹೋಗಿದ್ನಲ್ಲ, ಎಲ್ಲಮ್ಮಾ ಅದು?" ಎಂದಳು. ಆ ಹೆಂಗಸು ಎದ್ದು ನಿಂತು, "ನನ್ ಗಂಡ ನಿನ್ ಮನೆ ಜರಡಿ ಯಾಕೆ ಮುಟ್ತಾನೆ? ನಮ್ಮನೇಲೇ ಎರಡವೆ. ಸತ್ತೋರ ಮೇಲೆ ಹೇಳ್ತೀಯಲ್ಲ, ನಿನ್ನ ನಾಲಿಗೆ ಸೇದೋಗ" ಎಂದು ಕೂಗಿ, ಆಮೇಲೆ ಸಂಜೆಯವರೆಗೆ ಅತ್ತು, ಒಂದು ಮುದ್ದೆ ಉಂಡು ಮಲಗಿದಳು. ಜರಡಿ ಎಂಬುದೇ ಇರಲಿಲ್ಲ. ಆದರೂ ಒಂದು ವಾರದ ಮೇಲೆ ಆಕೆ ಹೊಸ ಜರಡಿಯೊಂದನ್ನು ತಂದು ಇವಳ ಮನೆಯಲ್ಲಿಟ್ಟು ಹೋದಳು. ಇವಳು ಇಟ್ಟುಕೊಂಡಳು. ಏನು ಹೇಳೋಣ ಇಂಥವರಿಗೆ?

ಹೋದ ವರ್ಷ ನಮ್ಮೂರ ಕೆರೆ ಏರಿ ಒಡೆಯಿತು. ಹನ್ನೆರಡು ವರ್ಷದಿಂದ ಜಾಲಿ ಗಿಡ ಬೆಳೆದು ಆಟದ ಬಯಲಾಗಿದ್ದ ಕೆರೆ ಅದು, ಒಂದೇ ವಾರದ ಮಳೆಗೆ ತುಂಬಿ, ಬೆಳಿಗ್ಗೆ ಕಾಫಿ ಹೊತ್ತಿಗೆ ಊರೊಳಕ್ಕೆ ಬಂತು. ಜನ ಉಳಿದರು. ಹಸು ಹೋದವು, ಗೋಡೆ ಹೋದವು, ನನ್ನ ಅಡುಗೆಮನೆಯ ಅರ್ಧ ಹೋಯಿತು. ನಾದಿನಿಯ ಮನೆ ದಿಬ್ಬದ ಮೇಲಿದೆ, ಅವಳದ್ದು ಒಂದು ಚಮಚವೂ ನೆನೆಯಲಿಲ್ಲ. ಆ ಕೋಪ ನನಗೆ ಈಗಲೂ ಇದೆ.

ಒಂದು ತಿಂಗಳು ಅವಳು ಮನೆಮನೆಗೆ ಹೋಗಿ ಜಗಳವಾಡಿದಳು. ಎಲ್ಲರೂ ಚೇತರಿಸಿಕೊಂಡರು, ಒಬ್ಬರನ್ನು ಬಿಟ್ಟು. ಅವರು ನಮ್ಮ ಯಜಮಾನರು, ಅವಳ ಒಡಹುಟ್ಟಿದ ಅಣ್ಣ. ನಮ್ಮದು ನೀರುಗಂಟಿ ಮನೆ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುವುದು ನಮ್ಮ ಮಾವನವರ ಕಾಲದಿಂದ ಬಂದ ಕೆಲಸ. ಆವತ್ತಿನಿಂದ ನಾಲ್ಕು ಹನಿ ಬಿದ್ದರೆ ಸಾಕು, ಈ ಮನುಷ್ಯ ಜಗಲಿಗೆ ಹೋಗಿ ಕೆರೆಯ ಕಡೆ ಮುಖ ಮಾಡಿ ನಿಂತುಬಿಡುತ್ತಾರೆ. ಮಳೆ ನಿಲ್ಲುವವರೆಗೆ ಕೂರುವುದಿಲ್ಲ, ಉಣ್ಣುವುದಿಲ್ಲ. ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು. ಚೆನ್ನಾಗಿ ನಿದ್ದೆ ಮಾಡಿ, ಚೆನ್ನಾಗಿ ಎದ್ದು ನಿಂತರು.

ನಾದಿನಿ ಅವರೆಕಾಳು ಕೊಟ್ಟಳು. ನಿಂತುಕೊಂಡೇ ಹಿತಕಿದರು. ಕೊನೆಗೆ ಅವಳು ತನ್ನ ದೊಡ್ಡ ಅಸ್ತ್ರ ತೆಗೆದು, "ಅಣ್ಣ, ಅಪ್ಪನ ಜಮೀನಲ್ಲಿ ನನ್ ಪಾಲು ಕೊಟ್ಬಿಡು" ಎಂದಳು. ಅವರು ತಿರುಗಿಯೂ ನೋಡದೆ, "ತಗೋ" ಎಂದರು.

ಅವಳು ಬಿಳಿಚಿಕೊಂಡು ಒಳಗೆ ಬಂದಳು. "ಅತ್ತಿಗೆ, ಅಣ್ಣ ಸರಿಯಿಲ್ಲ. ಒಂದ್ ಮಾತೂ ಬೈಲಿಲ್ಲ ಕಣತ್ತಿಗೆ." ನಮ್ಮ ಹಾಗೆ ವಿಮಾನ ನಿಲ್ದಾಣದ ಸುತ್ತಮುತ್ತ ಚಿನ್ನದ ಬೆಲೆಯ ಜಮೀನಿಟ್ಟುಕೊಂಡವರಿಗೆ ಅವಳ ಗಾಬರಿ ಅರ್ಥವಾದೀತು.

ಹೀಗಿರುವಾಗ ಅವಳಿಗೊಂದು ಫೋನ್ ಬಂತು. ಕೆರೆ ಒಡೆದ ಹೊಸದರಲ್ಲಿ ಒಂದಷ್ಟು ಜನ ಪ್ರಶ್ನೆಗಳ ಹಾಳೆ ಹಿಡಿದು ಊರಿಗೆ ಬಂದಿದ್ದರು. ಕಳೆದ ಹದಿನೈದು ದಿನದಲ್ಲಿ ನಿಮಗೆ ಯಾವುದರಲ್ಲೂ ಆಸಕ್ತಿಯಿಲ್ಲ ಅನ್ನಿಸಿದೆಯೇ ಎಂದು ನನ್ನನ್ನು ಕೇಳಿದ್ದರು. ಹದಿನೈದು ದಿನದಿಂದ ಮನೆಯೊಳಗಿನ ಕೆಸರು ಎತ್ತಿ ಹಾಕುತ್ತಿರುವವಳಿಗೆ ಆಸಕ್ತಿಯನ್ನು ಯಾವ ಅಂಗಡಿಯಿಂದ ತರುವುದು? ನಾದಿನಿ ಅವರ ಹಾಳೆ ಕಿತ್ತಿಟ್ಟು ಕೈಗೆ ಸಲಿಕೆ ಕೊಟ್ಟಿದ್ದಳು. ಈಗ ಅದೇ ಜನ, ಪ್ರವಾಹ, ಭೂಕಂಪ, ಬೆಂಕಿ ಇಂಥವು ಆದ ಮೇಲೆ ಜನರ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ದೇವನಹಳ್ಳಿ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಡಾಕ್ಟರುಗಳ ಸಮ್ಮೇಳನವಿದೆ, ನೀವು ಬಂದು ಐದು ನಿಮಿಷ ಮಾತಾಡಿ ಎಂದು ಕರೆದಿದ್ದರು.

"ಅಣ್ಣನ ವಿಷ್ಯ ಕೇಳ್ತೀನಿ" ಎಂದಳು.

"ಮನೆ ವಿಷ್ಯ ಮೈಕಲ್ಲಿ ಹೇಳ್ತೀಯಾ? ಮರ್ವಾದೆ ಬೇಡ್ವಾ?" ಎಂದೆ.

"ಅಲ್ಲ ಕಣತ್ತಿಗೆ, ಇಲ್ಲಿ ಒಬ್ರು ಡಾಕ್ಟ್ರನ್ನ ನೋಡೋಕೆ ಅರ್ಧ ದಿನ ಕೂತಿರ್ಬೇಕು. ಅಲ್ಲಿ ಎಲ್ಲಾರೂ ಒಂದೇ ಕಡೆ ಸಿಗ್ತಾರೆ. ಇಷ್ಟ್ ಜನದಲ್ಲಿ ಒಬ್ರಿಗೆ ಗೊತ್ತಿರಲ್ವಾ?"

ಅವಳ ಬಾಯಿಗೆ ಕಾವಲು ಬೇಕೆಂದು ನಾನೂ ಹೊರಟೆ. ಅವಳ ಬ್ಯಾಗಿನಲ್ಲಿ ನೆನೆಸಿದ ಅವರೆಕಾಳಿನ ಡಬ್ಬ ಇತ್ತು. ದೇಶದಲ್ಲಿ ಕಷ್ಟಪಟ್ಟವರೆಲ್ಲ ಅಲ್ಲಿಗೆ ಬಂದಿರುತ್ತಾರಂತೆ, ಬರಿಗೈಯಲ್ಲಿ ಹೋಗಬಾರದಂತೆ. ಹೋಟೆಲಿನ ಬಾಗಿಲಲ್ಲಿ ಕಾವಲಿನವನು ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದ. "ಇದು ಊಟ ಅಲ್ಲಪ್ಪ, ಕೆಲ್ಸ" ಎಂದು ಒಳಗೆ ನಡೆದಳು.

ಒಳಗೆ ನೋಡಿದರೆ ಕಷ್ಟಪಟ್ಟವರು ಯಾರಿದ್ದಾರೆ? ಅಷ್ಟು ದೊಡ್ಡ ಹಾಲಿನಲ್ಲಿ ಮನೆಗೆ ನೀರು ನುಗ್ಗಿಸಿಕೊಂಡವಳು ನಾನೊಬ್ಬಳೇ. ಉಳಿದವರೆಲ್ಲ ನಮ್ಮ ಬಗ್ಗೆ ಓದಿದವರು. ಕೊರಳಿಗೆ ಚೀಟಿ ನೇತುಹಾಕಿದರು. ಬೇರೆಯವರ ಚೀಟಿಯಲ್ಲಿ ಹೆಸರಿತ್ತು, ಊರಿತ್ತು, ಓದಿತ್ತು. ನಮ್ಮಿಬ್ಬರದರಲ್ಲಿ ‘ಸಂತ್ರಸ್ತೆ’ ಎಂದಷ್ಟೇ ಇತ್ತು. ನನಗೆ ನಮ್ಮಪ್ಪ ಇಟ್ಟ ಹೆಸರಿಲ್ಲವೇ?

ಎಸಿಯ ಚಳಿಗೆ ಸೆರಗು ಹೊದ್ದು ಕೂತಿದ್ದೆ. ವೇದಿಕೆಯಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಾ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಒಂದು ಚಿತ್ರ ಬಂತು. ನನ್ನ ಅಡುಗೆಮನೆ! ಗೋಡೆ ಹೋಗಿರುವುದು ಹೋಗಲಿ, ತೊಳೆಯದ ಪಾತ್ರೆ, ಹಗ್ಗದ ಮೇಲೆ ನನ್ನ ಒಳಲಂಗ, ಎಲ್ಲವೂ ಆಳೆತ್ತರಕ್ಕೆ ನಿಂತಿವೆ. ಯಾರನ್ನು ಕೇಳಿ ತೆಗೆದರು? ನನ್ನ ಮದುವೆಯ ಫೋಟೋವನ್ನೂ ಇಷ್ಟು ಜನ ನೋಡಿಲ್ಲ. ಪಕ್ಕದವರು ನನಗೆ ಕನ್ನಡದಲ್ಲಿ ಹೇಳಿದರು, "ಈ ಹೆಂಗಸು ಎಲ್ಲವನ್ನೂ ಕಳೆದುಕೊಂಡಿದ್ದಾಳೆ ಅಂತ ಹೇಳ್ತಿದ್ದಾರಮ್ಮ." ನಾನು ಎದ್ದು ನಿಂತೆ. "ಎಲ್ಲಾ ಎಲ್ಲಿ ಹೋಗೈತೆ? ಗ್ರೈಂಡರ್ ಚೆನ್ನಾಗೈತೆ. ಆ ಪಾತ್ರೆ ಆಮೇಲೆ ತೊಳ್ದಿದೀನಿ" ಎಂದೆ. ನಾದಿನಿ ನನ್ನ ಸೀರೆ ಜಗ್ಗಿ ಕೂರಿಸಿದಳು. ಅವಳಿಗೆ ಕಾವಲು ಬಂದವಳು ನಾನು.

ಊಟಕ್ಕೆ ಮುಂಚೆ ನಮ್ಮನ್ನು ಪಕ್ಕದ ಇನ್ನೊಂದು ಕೋಣೆಗೆ ಕರೆದುಕೊಂಡು ಹೋದರು. ಐವತ್ತು ಅರವತ್ತು ಜನ ಸುತ್ತ ಕೂತಿದ್ದರು. ನಡುವೆ ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ತಲೆ ಕೆದರಿಕೊಂಡು, "ನನ್ ಮನೆ ಹೋಯ್ತು, ಎಲ್ಲಾ ಹೋಯ್ತು" ಎಂದು ಅಳುತ್ತಿದ್ದಳು. ಎದುರಿಗೆ ಟೈ ಕಟ್ಟಿದವನೊಬ್ಬ ಮೆಲ್ಲಗೆ ತಲೆಯಾಡಿಸುತ್ತಾ, "ಈಗ ನಿಮಗೆ ಏನನ್ನಿಸ್ತಿದೆ?" ಎಂದು ಕೇಳುತ್ತಿದ್ದ. ಉಳಿದವರು ಬರೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬಳು ಅಳುತ್ತಿದ್ದರೆ ಇಷ್ಟು ಜನರಲ್ಲಿ ಒಬ್ಬರಾದರೂ ಎದ್ದು ಹೋಗಿ ಬೆನ್ನು ಸವರಬಾರದೇ?

ನಾದಿನಿ ಆಗಲೇ ಎದ್ದಾಗಿತ್ತು. "ಏಳಪ್ಪಾ ನೀನು. ಮನೆ ಹೋಯ್ತು ಅಂತ ಅವ್ಳು ಬಾಯ್ಬಿಟ್ಟು ಹೇಳ್ತಾವ್ಳೆ, ಏನನ್ನಿಸ್ತದೆ ಅಂತ ಕೇಳ್ತೀಯಲ್ಲ" ಎಂದು ಟೈಯವನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ಕೂತು, ಡಬ್ಬದ ಮುಚ್ಚಳ ತೆಗೆದು ಆಕೆಯ ಮಡಿಲಿಗಿಟ್ಟಳು. ಆ ತಣ್ಣನೆಯ ಕೋಣೆಯ ತುಂಬ ಅವರೆಯ ಸೊಗಡು.

"ಹಿತಕು."

ಆಕೆ ಕಕ್ಕಾಬಿಕ್ಕಿಯಾಗಿ ಒಂದು ಕಾಳು ಅಮುಕಿದಳು. ಬೇಳೆ ಹಾರಿ ಟೈಯವನ ಕನ್ನಡಕಕ್ಕೆ ಬಡಿಯಿತು.

"ಯಾವೂರಮ್ಮ ನಿಂದು? ಅವರೆಕಾಳ್ ಹಿತಕೋಕೂ ಬರಲ್ವಾ? ನಿಮ್ಮಮ್ಮ ಏನ್ ಕಲ್ಸವ್ಳೆ ನಿಂಗೆ?"

ಆಕೆ ನಕ್ಕಳು. ಇನ್ನೆರಡು ಕಾಳು ಹಿತಕಿದಳು. "ನಮ್ಮಮ್ಮ ಹಿತಕ್ತಿದ್ರು. ನಾನು ಪಕ್ಕದಲ್ಲಿ ಕೂತು ಹಸಿಬೇಳೆ ತಿಂತಿದ್ದೆ, ಕೈಮೇಲೆ ಹೊಡೀತಿದ್ರು" ಎಂದಳು. ಆಮೇಲೆ ಹಿತಕುತ್ತಾ ಹೋದಳು. ಕಣ್ಣೀರು ಇಳಿಯುತ್ತಿತ್ತು. ಈ ಸಲ ಸದ್ದಿರಲಿಲ್ಲ.

ಟೈಯವನು ಕನ್ನಡಕ ಒರೆಸಿಕೊಂಡು ಬಂದು, "ಅಮ್ಮ, ಅವರು ದೊಡ್ಡ ಮನೋವೈದ್ಯರು. ಇದು ಅಭ್ಯಾಸಕ್ಕೆ ಮಾಡಿದ ನಟನೆ" ಎಂದ.

"ಮೊದ್ಲು ಅತ್ತಿದ್ದು ನಟನೆ ಇರ್ಬೋದು. ಈಗಿಂದು?" ಎಂದಳು ನಾದಿನಿ. ಯಾರೂ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಅವಳ ಸರದಿ. ಹಿಂದಿನವರು ಮಾತಾಡಿ ಮಾತಾಡಿ ಅವಳ ಐದು ನಿಮಿಷದಲ್ಲಿ ಮೂರನ್ನು ನುಂಗಿದ್ದರು. ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ನಂಗೆ ಭಾಷಣ ಬರಲ್ಲ. ಒಂದೇ ಮಾತು ಕೇಳ್ಬೇಕು. ನಮ್ಮಣ್ಣ ಮಳೆ ಬಂದ್ರೆ ಕೂರಲ್ಲ. ಒಂದ್ ವರ್ಷ ಆಯ್ತು. ನಾನು ಬೈದೆ, ಜಗಳ ಆಡ್ದೆ, ಕಾಲು ಹಿಡ್ದೆ. ಏನ್ ಮಾಡಿದ್ರೆ ಕೂರ್ತಾನೆ, ಯಾರಾದ್ರೂ ಹೇಳಿ."

ಕಾಲು ಹಿಡಿದಿದ್ದು ನನಗೆ ಗೊತ್ತಿರಲಿಲ್ಲ.

ಸಭೆಯ ಅಧ್ಯಕ್ಷರು, "ಬಹಳ ಮುಖ್ಯವಾದ ಪ್ರಶ್ನೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಚಹಾ ವಿರಾಮದಲ್ಲಿ ಚರ್ಚೆ ಮಾಡೋಣ" ಎಂದು ಮುಂದಿನವರನ್ನು ಕರೆದರು. ಪ್ರಶ್ನೆಗೆ ಚಪ್ಪಾಳೆ ತಟ್ಟುವುದನ್ನು ನಾನು ಇದೇ ಮೊದಲು ನೋಡಿದ್ದು. ಮರ್ಯಾದೆ ಹೋಗುತ್ತದೆಂದು ಬೆಳಿಗ್ಗೆಯಿಂದ ಅವಳ ಬಾಯಿ ಕಾದವಳು, ಈಗ ಯಾರಾದರೂ ಉತ್ತರ ಹೇಳಲಿ ಎಂದು ಕುರ್ಚಿಯ ತುದಿಗೆ ಬಂದು ಕೂತಿದ್ದೆ.

ಚಹಾ ವಿರಾಮದಲ್ಲಿ ಅವಳ ಸುತ್ತ ಜನವೋ ಜನ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಡಬ್ಬ ಹಿಡಿದುಕೊಳ್ಳಿ ಎಂದರು. ಸ್ವಲ್ಪ ಗಂಭೀರವಾಗಿರಿ ಎಂದರು. ಅವಳು ಒಬ್ಬೊಬ್ಬರನ್ನೂ, "ನಮ್ಮಣ್ಣಂಗೆ ಏನ್ ಮಾಡೋದು?" ಎಂದು ಕೇಳಿದಳು. ಒಬ್ಬೊಬ್ಬರೂ ತಮ್ಮ ಕಾರ್ಡು ಕೊಟ್ಟರು. ಅಧ್ಯಕ್ಷರು ಬಿಸ್ಕತ್ತು ಹಿಡಿದು ಫೋನಿನಲ್ಲಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಅವರು ಆ ಕಡೆ ತಿರುಗಿಕೊಂಡರು. ನಾನೂ ಆ ಕಡೆಗೆ ಹೋಗಿ ನಿಂತೆ. ಫೋನು ಹಿಡಿದುಕೊಂಡೇ ಒಳಗೆ ಹೋದರು.

"ನಡೀ, ಹೋಗಣ" ಎಂದೆ. ಅವಳು ಡಬ್ಬವನ್ನು ಬ್ಯಾಗಿಗೆ ಹಾಕಿಕೊಂಡಳು.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಓಡಿ ಬಂದವಳು ಕೋಣೆಯಲ್ಲಿ ಅತ್ತಿದ್ದ ಆ ಡಾಕ್ಟರಮ್ಮ. ಏದುಸಿರು ಬಿಡುತ್ತಾ ಕೇಳಿದಳು, "ಅಮ್ಮ, ನಿಮ್ಮಣ್ಣ ಹಾಗೆ ನಿಂತಿರುವಾಗ ಪಕ್ಕದಲ್ಲಿ ಯಾರು ನಿಂತಿರ್ತಾರೆ?"

"ಯಾರ್ ನಿಲ್ತಾರೆ? ನಾನು ಒಳಗಿಂದ ಬೈತಿರ್ತೀನಿ, ಅತ್ತಿಗೆ ಒಳಗಿಂದ ಕರೀತಿರ್ತಾರೆ."

"ಏನ್ ನೋಡ್ತಿದ್ದೀರಿ ಅಂತ ಕೇಳಿದೀರಾ?"

ಕೂರಿಸಲು ವರ್ಷವಿಡೀ ಹೆಣಗಿದ್ದೆವು, ಇದೊಂದನ್ನು ಕೇಳಿರಲಿಲ್ಲ.

"ಶನಿವಾರ ನಾನೇ ನಿಮ್ಮೂರಿಗೆ ಬರ್ತೀನಿ. ನೋಡದೆ ಏನೂ ಹೇಳೋಕಾಗಲ್ಲ. ಅಲ್ಲೀವರೆಗೆ ಅವರನ್ನ ಕೂರಿಸೋಕೆ ಹೋಗಬೇಡಿ. ಜೊತೆಗೆ ನಿಂತ್ಕೊಳ್ಳಿ" ಎಂದು ನಾದಿನಿಯ ಫೋನಿನಲ್ಲಿ ತನ್ನ ನಂಬರು ಹಾಕಿಕೊಟ್ಟಳು.

ದಾರಿಯಲ್ಲಿ ಜಿನುಗು ಮಳೆ ಶುರುವಾಯಿತು. ಸಮುದ್ರದಲ್ಲಿ ಎಲ್ಲೋ ಗಾಳಿ ಎದ್ದರೆ ನಮ್ಮ ಕಡೆ ಅವರೆ ಸುಗ್ಗಿಯ ಚಳಿಗಾಲದಲ್ಲೂ ಹೀಗೆ ಹನಿಯುತ್ತದೆ. ರಾಜಘಟ್ಟ ದಾಟುವವರೆಗೆ ನಾದಿನಿ ಕಿಟಕಿಯ ಮೇಲಿನ ಹನಿ ನೋಡುತ್ತಾ ಕೂತಿದ್ದಳು. ಅವಳು ಬೈಯದೆ ಕೂತರೆ ನನಗೇ ಭಯವಾಗುತ್ತದೆ ಎಂಬುದು ಆವತ್ತು ತಿಳಿಯಿತು.

ಸಂಜೆಗೆ ಮನೆ ಸೇರಿದೆವು. ಅವರು ಜಗಲಿಯ ಮೇಲೆ ನಿಂತೇ ಇದ್ದರು. ನಾದಿನಿ ಕೊರಳಿನ ಚೀಟಿಯನ್ನೂ ತೆಗೆಯದೆ ಹೋಗಿ ಅಣ್ಣನ ಎಡಗಡೆ ನಿಂತಳು. ನಾನು ಬಲಗಡೆ ನಿಂತೆ.

"ಏನು?" ಎಂದರು.

"ಏನಿಲ್ಲ. ನಿಂತಿದೀವಿ" ಎಂದಳು.

ತುಂಬ ಹೊತ್ತು ನಿಂತೆವು. ನನ್ನ ಮಂಡಿ ಕಟಕಟ ಅನ್ನುತ್ತಿತ್ತು. "ನಿಂಗೆ ಮಂಡಿ ನೋವು, ಒಳಗೋಗು" ಎಂದರು. ನಾನು ಹೋಗಲಿಲ್ಲ.

"ಅಣ್ಣ, ಏನ್ ನೋಡ್ತಿದೀಯಾ?" ಎಂದಳು ನಾದಿನಿ. ಅವಳಿಗೆ ಇಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಅವರು ಕೆರೆಯ ಕಡೆಯೇ ನೋಡುತ್ತಾ ಹೇಳಿದರು. "ತೂಬಿನ ಚಕ್ರ ತುಕ್ಕು ಹಿಡ್ದಿತ್ತು. ಕೆರೇಲಿ ನೀರೇ ಇಲ್ಲ, ಯಾಕ್ ಬೇಕು ಅಂತ ಹನ್ನೆರಡು ವರ್ಷ ಎಣ್ಣೆ ಬಿಡ್ಲಿಲ್ಲ ನಾನು. ನೀರು ಬಿಟ್ರೆ ಏರಿ ಉಳೀತದೆ ಅಂತ ಅವತ್ತು ಕತ್ಲಲ್ಲೇ ಎದ್ದು ಹೋದೆ. ತಿರುಗಿಸ್ದೆ, ತಿರುಗಿಸ್ದೆ. ಅಲ್ಲಾಡ್ಲಿಲ್ಲ."

ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಅಣ್ಣನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ಎರಡರಲ್ಲೂ ಅಡ್ಡಕ್ಕೆ ಒಂದೊಂದು ದಪ್ಪ ಗೆರೆ, ಮಾಗಿದ ಗಾಯದ್ದು. ಒಂದು ವರ್ಷದಿಂದ ಆ ಕೈಗೆ ಮುದ್ದೆ ಬಡಿಸುತ್ತಿರುವವಳು ನಾನು. ಕೇಳಿದ್ದಕ್ಕೆ ಕೆಸರೆತ್ತುವಾಗ ಸಲಿಕೆ ತಾಗಿದ್ದು ಎಂದಿದ್ದರು, ನಾನೂ ಸುಮ್ಮನಾಗಿದ್ದೆ.

ನಾದಿನಿ ತನ್ನ ಸೆರಗಿನ ತುದಿಯಿಂದ ಆ ಅಂಗೈಗಳನ್ನು ಒರೆಸಿದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಹಾಗೇ ಮೆಲ್ಲಗೆ ಜಗಲಿಯ ಅಂಚಿಗೆ ಕೂತರು, ಅವಳು ಪಕ್ಕದಲ್ಲಿ ಕೂತಳು, ನಾನೂ ಗೋಡೆ ಹಿಡಿದುಕೊಂಡು ಕೂತೆ.

ಮಳೆ ಇನ್ನೂ ನಿಂತಿರಲಿಲ್ಲ.