ಇನಾಸನಿಗೂ ಸ್ವರ್ಗವೇ?

ನರಕ ಇರಲೇಬೇಕು ಎಂದು ವಾದಿಸುವವರ ಮನಸ್ಸಿನಲ್ಲಿ ಅಲ್ಲಿಗೆ ಹೋಗಬೇಕಾದವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ನನ್ನ ಮನಸ್ಸಿನಲ್ಲಿದ್ದವನು ಇನಾಸ. ನಾನು ಶಿರಸಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರನಾಗಿದ್ದಾಗ ಅವನು ಅಲ್ಲಿ ಗುಮಾಸ್ತ. ಶಾಲೆಯ ವೇಳೆಯಲ್ಲೇ ನಾನು ಟ್ಯೂಶನ್ ನಡೆಸುತ್ತೇನೆಂದು ಹೆಸರಿಲ್ಲದ ಅರ್ಜಿಯೊಂದು ಮೇಲಕ್ಕೆ ಹೋಯಿತು. ಕೈಬರಹ ಇನಾಸನದೇ. ಸುಳ್ಳೆಂದು ಕೊನೆಗೆ ತಿಳಿಯಿತು, ಆದರೆ ಅಷ್ಟರೊಳಗೆ ನನ್ನನ್ನು ಸಿದ್ದಾಪುರದ ಆಚೆಗೆ ವರ್ಗ ಮಾಡಿಯಾಗಿತ್ತು. ನಾಲ್ಕು ವರ್ಷ ದಿನಾ ಬಸ್ಸಿನಲ್ಲಿ ನಿಂತು ಹೋಗುವಾಗ ಒಂದೊಂದು ತಿರುವಿಗೂ ಇನಾಸನನ್ನು ನರಕದ ಒಂದೊಂದು ಮೆಟ್ಟಿಲು ಕೆಳಗಿಳಿಸುತ್ತಿದ್ದೆ. ಆ ರಸ್ತೆಯಲ್ಲಿ ತಿರುವುಗಳಿಗೇನೂ ಬರವಿಲ್ಲ.

ನನ್ನ ಅಕ್ಕ ನತಾಲಿನ್ ನಮ್ಮ ಜೊತೆಗೇ ಇರುತ್ತಾಳೆ. ಮದುವೆಯಾಗದೆ, ಊರಿನ ಹುಡುಗಿಯರಿಗೆಲ್ಲ ಹೊಲಿಗೆ ಕಲಿಸುತ್ತ ಆಯುಷ್ಯ ಕಳೆದವಳು. ಕೊನೆಗೊಂದು ದಿನ ಎಲ್ಲರೂ ದೇವರ ಹತ್ತಿರ ಹೋಗಿ ಸೇರುತ್ತಾರೆ, ಒಬ್ಬರೂ ಹೊರಗುಳಿಯುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುವ ನನಗೆ ಇದು ದೊಡ್ಡ ಪೇಚು. ನಾನು ಅಲ್ಲಿ ನರಕದ ಬಾಗಿಲು ತೆರೆದು ಬಂದರೆ ಇವಳು ಮನೆಯಲ್ಲಿ ಮುಚ್ಚಿ ಕೂತಿರುತ್ತಾಳೆ. ಪಾದ್ರಿಗಳನ್ನು ಕೇಳಿದೆ. ಹಾಗಾಗಲೆಂದು ಆಶಿಸಬಹುದು, ಪ್ರಾರ್ಥಿಸಬಹುದು, ಆಗಿಯೇ ಆಗುತ್ತದೆಂದು ಕಲಿಸುವಂತಿಲ್ಲ, ದೇವರನ್ನು ಬೇಡವೆನ್ನಲೂ ಮನುಷ್ಯ ಸ್ವತಂತ್ರ ಎಂದರು. ಗೆದ್ದ ಖುಷಿಯಲ್ಲಿ ಬಂದು ಹೇಳಿದರೆ ಅಕ್ಕ ತೊಳೆಯುತ್ತಿದ್ದ ಮೀನಿನಿಂದ ತಲೆಯೆತ್ತಲಿಲ್ಲ.

“ದಿನಾ ಜಪಮಾಲೆ ಹಿಡ್ಕಂಡು ಎಲ್ಲಾ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು ಅಂತ ಕೇಳ್ತೀಯಲ್ಲ. ನಿಂಗೆ ಬ್ಯಾಡಾದ್ರೆ ಎಂತಕ್ಕೆ ಕೇಳ್ತೀಯ?” ಎಂದಳು.

ಕಳೆದ ತಿಂಗಳು ಇನಾಸ ಯಲ್ಲಾಪುರದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂತು. ಆ ಮಗಳಿಗೆ ಹೊಲಿಗೆ ಕಲಿಸಿದ್ದ ಅಕ್ಕ ನೋಡಲು ಹೊರಟಳು. ಮೊಣಕಾಲು ನೋವು, ಬಸ್ ಹತ್ತಿಸಲು ಒಬ್ಬರು ಬೇಕು ಎಂಬ ನೆಪದಲ್ಲಿ ನನ್ನನ್ನೂ ಹೊರಡಿಸಿದಳು. ನಾನೂ ಹೆಚ್ಚು ಹಟ ಮಾಡಲಿಲ್ಲ. ಇನಾಸ ಅಳುತ್ತ ಕ್ಷಮೆ ಕೇಳುತ್ತಾನೆ, ನಾನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಆಮೇಲೆ ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತೇನೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಆಡಬೇಕಾದ ವಾಕ್ಯವನ್ನೂ ದಾರಿಯಲ್ಲೇ ಹೊಂದಿಸಿಕೊಂಡಿದ್ದೆ. ವ್ಯಾಕರಣ ಶುದ್ಧವಾಗಿತ್ತು.

ಇನಾಸ ಕೈಕಾಲು ಕಡ್ಡಿಯಾಗಿ ಮಲಗಿದ್ದ. ಅಕ್ಕ ಅವನ ಹಣೆ ಮುಟ್ಟಿ, ಮಗಳೊಂದಿಗೆ ಮಾತಾಡುತ್ತ ಅಡುಗೆಮನೆಗೆ ಹೋದಳು. ನಾವಿಬ್ಬರೇ ಉಳಿದಾಗ ಅವನು, ಈ ಮಗಳು ಹುಟ್ಟಿದಾಗ ತಾನು ಕೊಟ್ಟ ರಜೆ ಅರ್ಜಿ ನೆನಪಿದೆಯೇ ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಅವನೇ ನೆನಪಿಸಿದ. ನಮ್ಮ ಕೊಂಕಣಿಯಲ್ಲಿ ಹರೆಯದ ಹೆಂಗಸರನ್ನು ನಪುಂಸಕ ಲಿಂಗದಲ್ಲೇ ಹೇಳುವ ರೂಢಿ. ಅದೇ ಅಭ್ಯಾಸದಲ್ಲಿ ಅವನು ಕನ್ನಡದಲ್ಲಿ “ನನ್ನ ಹೆಂಡತಿ ಹಡೆದಿದೆ” ಎಂದು ಬರೆದಿದ್ದ. ಅದನ್ನು ನಾನು ಮಾಸ್ತರರ ಕೋಣೆಯಲ್ಲಿ ರಾಗವಾಗಿ ಓದಿ, ಆಕಳೋ ಎಮ್ಮೆಯೋ ಎಂದು ಕೇಳಿದ್ದೆನಂತೆ. ಎಲ್ಲರೂ ನಕ್ಕಿದ್ದರಂತೆ. ಅವನು ಪೇಡೆಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದನಂತೆ. ಮನೆಯಲ್ಲಿ ಕೊಂಕಣಿ ಆಡುವಾಗ ನಾನೂ ಹೆಂಡತಿಯನ್ನು ನಪುಂಸಕ ಲಿಂಗದಲ್ಲೇ ಹೇಳುವವನು.

“ಆ ಸಿಟ್ಟಿಗೆ ಸುಳ್ಳು ಅರ್ಜಿ ಬರ್ದೆ. ನಂದು ತಪ್ಪೇ,” ಎಂದ ಇನಾಸ. ಉಸಿರು ತೆಗೆದುಕೊಂಡು ಮುಂದುವರಿಸಿದ: “ಇಷ್ಟು ವರ್ಷ ನಿಮ್ಮನ್ನ ನರಕಕ್ಕೇ ಅಂತ ಇಟ್ಟಿದ್ದೆ ಮಾಸ್ತರೆ. ನಿಮ್ಮ ಅಕ್ಕ ಫೋನಲ್ಲಿ ಎಲ್ಲಾರೂ ಹೋಗ್ತಾರೆ ಅಂದ್ರು. ಹಂಗಾದ್ರೆ ನೀವೂ ಬನ್ನಿ ಅಂತ ಈಗ ಮನಸ್ಸು ಮಾಡಿದ್ದೇನೆ.”

ಹೊಂದಿಸಿಕೊಂಡು ಬಂದಿದ್ದ ವಾಕ್ಯ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ತಪ್ಪಾಯಿತು ಇನಾಸ ಎಂದೆ. ಅವನು ಕೈ ಹಿಡಿದುಕೊಂಡ. ಮಗಳು ಚಾ ತಂದಳು. ಅವಳ ಮುಖ ನೋಡುವುದು ನನಗೆ ಕಷ್ಟವಾಯಿತು.

ವಾಪಸ್ ಬರುವಾಗ ಅಕ್ಕ ನನ್ನ ಹೆಗಲಿಗೊರಗಿ ನಿದ್ದೆಹೋದಳು. ನನಗೆ ನಿದ್ದೆ ಬರಲಿಲ್ಲ. ನರಕದ ಪರವಾಗಿ ಇಷ್ಟು ವರ್ಷ ವಕಾಲತ್ತು ವಹಿಸಿದ್ದ ನನ್ನ ಬುದ್ಧಿ, ಈಗ ಅಕ್ಕನ ನಂಬಿಕೆಗೆ ಬೈಬಲಿನಲ್ಲಿ ಎಲ್ಲೆಲ್ಲಿ ಆಧಾರವಿದೆಯೆಂದು ತಡಕಾಡುತ್ತಿತ್ತು. ಶಿರಸಿ ಬರುವಷ್ಟರಲ್ಲಿ ಮೂರು ಸಿಕ್ಕವು. ಬೇರೆಯವರ ಮಾತು ಬಿಡಿ, ನನ್ನೊಬ್ಬನಿಗೆ ಸಾಕಾಗುವಷ್ಟು ಗಟ್ಟಿಯಾಗಿಯೇ ಇವೆ.